‘ಅನರ್ಹ’ ಎಂಬ ಮಾತಿನ ಎದುರು

ವಾಡಿ ಎಂದೊಡನೆ ಕರ್ನಾಟಕದಲ್ಲಿರುವ ನಮ್ಮ ಬಂಧುಗಳಿಗೆ ನೆನಪಾಗುವುದು ಕಲಬುರಗಿ ಜಿಲ್ಲೆಯ ರೈಲ್ವೆ ಜಂಕ್ಷನ್ನು ಮತ್ತು ಅಲ್ಲಿನ ಸಿಮೆಂಟು ಕಾರ್ಖಾನೆ. ನಾಗಪುರದ ಪಶ್ಚಿಮಕ್ಕೆ, ಅಮರಾವತಿ ರಸ್ತೆಯ ಮೇಲೆ ಇನ್ನೊಂದು ವಾಡಿ ಇದೆಯೆಂಬುದನ್ನು ನಾವು ಪ್ರತಿ ಸಲವೂ ಬಿಡಿಸಿ ಹೇಳಬೇಕಾಗುತ್ತದೆ. ಲಾರಿ ಕಚೇರಿಗಳು, ಗೋದಾಮುಗಳು, ತುಸು ದೂರದಲ್ಲಿ ಹಿಂಗಣಾದ ಕೈಗಾರಿಕಾ ಪ್ರದೇಶ, ಮಗ್ಗುಲಲ್ಲಿ 1960ರ ದಶಕದಲ್ಲಿ ಸ್ಥಾಪನೆಯಾದ ಅಂಬಾಝರಿ ಆಯುಧ ಕಾರ್ಖಾನೆ. ಈ ವಾಡಿಗೆ ಹೊರಗಿನಿಂದ ಬಂದವರಲ್ಲಿ ಬಹುಪಾಲು ಜನ ಬಂದದ್ದು ನೌಕರಿಗಾಗಿಯೇ. ಹೊರನಾಡ ಕನ್ನಡಿಗನಿಗೆ ನೌಕರಿಯೆಂದರೆ ಬರಿಯ ಸಂಬಳವಲ್ಲ. ‘ನೀನು ಇಲ್ಲಿ ಏಕಿದ್ದೀಯೆ’ ಎಂಬ ಪ್ರಶ್ನೆಗೆ ಅವನ ಬಳಿಯಿರುವ ಉತ್ತರವೂ ಅದೇ.

ಆದ್ದರಿಂದಲೇ ನಮ್ಮ ಮನೆಗಳಲ್ಲಿ ಮಗನಿಗೋ ಮಗಳಿಗೋ ಬಯಸಿದ ನೌಕರಿ ತಪ್ಪಿದರೆ ಆ ನಿರಾಶೆ ಒಬ್ಬರದಾಗಿ ಉಳಿಯುವುದಿಲ್ಲ. ತಂದೆ ಊರು ಬಿಟ್ಟು ಬಂದದ್ದೇ ವ್ಯರ್ಥವಾಯಿತೇನೋ ಎಂಬ ಶಂಕೆ ಮನೆಯನ್ನೆಲ್ಲ ಆವರಿಸುತ್ತದೆ. ಆ ಮಗ ಅಥವಾ ಮಗಳು ಅಂಗವಿಕಲರಾಗಿದ್ದರಂತೂ ಆ ಶಂಕೆಗೆ ಇನ್ನೊಂದು ಮಾತು ಜೊತೆಗೂಡುತ್ತದೆ: ‘ನಾವು ಮೊದಲೇ ಹೇಳಿರಲಿಲ್ಲವೆ?’ ಈ ಮಾತನ್ನು ನಾವು ಬಾಯಿಬಿಟ್ಟು ಆಡದಿರಬಹುದು. ಆದರೆ ಕೇಳಬೇಕಾದವರಿಗೆ ಅದು ಕೇಳಿಯೇ ಕೇಳುತ್ತದೆ. ನಮ್ಮ ಸಂಘಗಳ ಸಭೆಗಳಲ್ಲಿ ಎಂದೂ ಚರ್ಚೆಗೆ ಬಾರದ ಈ ವಿಷಯವನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಪರೀಕ್ಷೆಯಲ್ಲಿ ಅಂಕ ಕಡಿಮೆಯಾಗಿ ಸೋಲುವುದು ಬೇರೆ. ಅಂಕಗಳೆಲ್ಲ ಬಂದು, ಸಂದರ್ಶನವೂ ಮುಗಿದು, ಕಡೆಗೆ ವೈದ್ಯಕೀಯ ಪರೀಕ್ಷೆಯ ಕಾಗದದ ಮೇಲೆ ‘ಅನರ್ಹ’ ಎಂದು ಬರೆಸಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಮತ್ತೊಮ್ಮೆ ಓದುವ ದಾರಿಯಿದೆ. ಎರಡನೆಯದು ಮನುಷ್ಯನ ಶರೀರದ ಮೇಲೆಯೇ ತೀರ್ಪು ಕೊಡುತ್ತದೆ. ಎಷ್ಟು ಓದಿದರೂ ಆ ಶರೀರ ಬದಲಾಗದು. ಈ ಭೇದವನ್ನು ಅರಿಯದೆ ಸಮಾಧಾನ ಹೇಳಲು ಹೊರಟವರ ಮಾತು ಎಷ್ಟೇ ಒಳ್ಳೆಯದಿದ್ದರೂ ನಾಟುವುದಿಲ್ಲ.

ಇದರಲ್ಲಿ ಒಂದು ವೈಚಿತ್ರ್ಯವೂ ಇದೆ. ಮೀಸಲಾತಿ ಬೇಕಾದರೆ ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದೆಯೆಂದು ಸರ್ಕಾರದ ವೈದ್ಯರೇ ಬರೆದುಕೊಡಬೇಕು. ಅದೇ ವೈಕಲ್ಯವನ್ನು ಮುಂದಿಟ್ಟುಕೊಂಡು ಸರ್ಕಾರದ ಮತ್ತೊಂದು ಕಚೇರಿ ‘ನಿನ್ನಿಂದಾಗದು’ ಎನ್ನಬಹುದು. ಇರಾ ಸಿಂಘಾಲ್ ಅವರ ಪ್ರಕರಣದಲ್ಲಿ ನಡೆದದ್ದು ಇದೇ. 2010ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ರಾಜಸ್ವ ಸೇವೆಗೆ ಅರ್ಹರಾದ ಅವರಿಗೆ, ಬೆನ್ನುಮೂಳೆಯ ತೊಂದರೆಯಿರುವುದರಿಂದ ತಳ್ಳಲು, ಎಳೆಯಲು, ಎತ್ತಲು ಆಗದೆಂಬ ಕಾರಣಕ್ಕೆ ನೇಮಕಾತಿ ನಿರಾಕರಿಸಲಾಯಿತು. ತೆರಿಗೆ ಅಧಿಕಾರಿ ಎತ್ತಬೇಕಾದದ್ದು ಮೂಟೆಯನ್ನಲ್ಲ, ಕಡತವನ್ನು ಎಂದು ಯಾರಿಗೂ ಹೊಳೆಯಲಿಲ್ಲವೆ? ಅವರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗಿ 2014ರಲ್ಲಿ ಗೆದ್ದರು. ಅದೇ ಸಾಲಿನ ಪರೀಕ್ಷೆಯಲ್ಲಿ ಇಡೀ ದೇಶಕ್ಕೆ ಪ್ರಥಮರಾದರು.

ಇಂಥ ಕಥೆಗಳನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರು ಅದನ್ನು ದೃಷ್ಟಾಂತವನ್ನಾಗಿ ಮಾಡಿಕೊಂಡುಬಿಡುತ್ತಾರೆ. ನೌಕರಿ ತಪ್ಪಿದವರ ಮುಂದೆ ನಾವು ಸಾಮಾನ್ಯವಾಗಿ ಇಡುವ ಸಮಾಧಾನಗಳು ಮೂರು ಬಗೆಯವು. ಒಂದು, ಹಣೆಬರಹ. ಎರಡು, ‘ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು’ ಎಂಬ ಗಾದೆ. ಅಂದರೆ ಸಿಕ್ಕಿದ್ದಕ್ಕೆ ತೃಪ್ತಿಪಡು ಎಂಬ ಉಪದೇಶ. ಗಾದೆಯನ್ನು ಆಡುತ್ತಿರುವುದು ಯಾರ ಮುಂದೆ ಎಂಬ ಪರಿವೆಯೂ ಆಡಿದವರಿಗೆ ಇರುವುದಿಲ್ಲ. ಮೂರನೆಯದು ಮಹನೀಯರ ಉದಾಹರಣೆ: ‘ಗದುಗಿನ ಗವಾಯಿಗಳನ್ನು ನೋಡು. ಕುಣಿಗಲ್ ತಾಲ್ಲೂಕಿನ ಕೆಂಪಹೊನ್ನಯ್ಯನವರನ್ನು ನೋಡು. ಕಣ್ಣಿಲ್ಲದೆಯೂ ಐಎಎಸ್ ಆಗಲಿಲ್ಲವೆ?’

ಮೊದಲಿನ ಎರಡನ್ನು ಬದಿಗಿಡೋಣ. ಮೂರನೆಯದು ಸದುದ್ದೇಶದ್ದಾದ್ದರಿಂದಲೇ ಹೆಚ್ಚು ಅಪಾಯಕಾರಿ. ಸಾಧಾರಣ ಬುದ್ಧಿಯ, ಸಾಧಾರಣ ಶ್ರಮದ ಸಾವಿರಾರು ಜನರಿಗೆ ಗುಮಾಸ್ತಗಿರಿ ಸಿಗುವ ದೇಶದಲ್ಲಿ, ಅಂಗವಿಕಲನೊಬ್ಬ ಮಾತ್ರ ಅಸಾಧಾರಣನಾಗಿಯೇ ತೀರಬೇಕೆಂಬ ನಿಯಮ ಎಲ್ಲಿಯದು? ಗವಾಯಿಗಳ ಹೆಸರನ್ನು ಎತ್ತುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಂಚಾಕ್ಷರಿ ಗವಾಯಿಗಳು (1892–1944) ಗದುಗಿನಲ್ಲಿ ಬಿಟ್ಟುಹೋದದ್ದು ತಮ್ಮ ಕೀರ್ತಿಯನ್ನಷ್ಟೇ ಅಲ್ಲ, ವೀರೇಶ್ವರ ಪುಣ್ಯಾಶ್ರಮವನ್ನು. ಕಣ್ಣಿಲ್ಲದ ಮಕ್ಕಳಿಗೆ ಅಲ್ಲಿ ಅನ್ನವಿತ್ತು, ವಾದ್ಯವಿತ್ತು, ಕೈಹಿಡಿದು ಕಲಿಸುವ ಗುರುವಿದ್ದ. ಅದೇ ಆಶ್ರಮದಲ್ಲಿ ಬೆಳೆದು ಅದನ್ನು ಮುನ್ನಡೆಸಿದ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಸಂದಿತು. ಆಸರೆಯಾಗಿ ನಿಂತ ಸಂಸ್ಥೆಯನ್ನು ಮರೆತು ವ್ಯಕ್ತಿಯ ಛಲವನ್ನು ಮಾತ್ರ ಹೊಗಳುವುದು ನಮ್ಮ ಹೊಣೆಯಿಂದ ನುಣುಚಿಕೊಳ್ಳುವ ಸುಲಭ ಉಪಾಯ.

ಹಾಗಾದರೆ ತಿರಸ್ಕೃತರಾದವರು ಮಾಡಬೇಕಾದದ್ದೇನು? ಮೊಟ್ಟಮೊದಲು, ದುಃಖಪಡುವ ಅಧಿಕಾರ ಅವರಿಗೆ ಇರಬೇಕು. ವರ್ಷಗಟ್ಟಲೆ ಒಂದೇ ನೌಕರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದವರಿಗೆ ಅದು ಕೈತಪ್ಪಿದಾಗ ಆಗುವುದು ಸಾವಿನ ಮನೆಯ ದುಃಖಕ್ಕೆ ಕಡಿಮೆಯಾದದ್ದಲ್ಲ. ಸತ್ತವರ ಮನೆಯಲ್ಲಿ ನಾವು ಮರುದಿನವೇ ಬುದ್ಧಿವಾದ ಹೇಳುವುದಿಲ್ಲ. ಇಲ್ಲಿಯೂ ಕೆಲವು ದಿನ ಸುಮ್ಮನಿರುವ ಸೌಜನ್ಯ ನಮಗಿರಲಿ. ಹೆತ್ತವರು ಇದನ್ನು ಅರಿತರೆ ಅರ್ಧ ಭಾರ ಇಳಿದಂತೆ.

ಆಮೇಲೆ, ಮನಸ್ಸು ತಿಳಿಯಾದಾಗ, ಆ ನಿರಾಕರಣೆಯನ್ನು ಬಿಡಿಸಿ ನೋಡಬೇಕು. ತನಗಿಂತ ಹೆಚ್ಚು ಯೋಗ್ಯರು ಬಂದರೆ? ಹಾಗಿದ್ದರೆ ಅದು ಎಲ್ಲರಿಗೂ ಬರುವ ಸೋಲು. ಅದನ್ನು ಎಲ್ಲರಂತೆಯೇ ಸ್ವೀಕರಿಸುವುದರಲ್ಲಿ ಘನತೆಯಿದೆ. ಆ ಕೆಲಸದ ತಿರುಳನ್ನು ಯಾವ ನೆರವು ಕೊಟ್ಟರೂ ಈ ಶರೀರ ನಿರ್ವಹಿಸಲಾರದೆ? ಹಾಗಿದ್ದರೆ ಕನಸು ಬದಲಾಗಬೇಕಾದೀತು. ಅಥವಾ, ಏನು ನೆರವು ಬೇಕೆಂದು ಯಾರೊಬ್ಬರೂ ಕೇಳದೆಯೇ ಬಾಗಿಲು ಹಾಕಿದರೆ? ಹಾಗಿದ್ದರೆ ಅದು ಸೋಲಲ್ಲ, ಅನ್ಯಾಯ. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ನನ್ನಿಂದಾಗಲಿಲ್ಲ’ ಎಂದು ಹೊತ್ತು ತಿರುಗುವುದರಿಂದಲೇ ಅನೇಕ ಯುವಕ ಯುವತಿಯರು ಕುಗ್ಗಿಹೋಗುತ್ತಾರೆ.

ಮೂರನೆಯ ಬಗೆಯ ನಿರಾಕರಣೆಗೆ ಈಗ ಕಾನೂನಿನ ಉತ್ತರವಿದೆ. 1995ರ ಕಾಯಿದೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡ 3ರಷ್ಟು ಮೀಸಲಾತಿ ಕೊಟ್ಟಿತು. ಆದರೆ ‘ಈ ಹುದ್ದೆಯನ್ನು ಅಂಗವಿಕಲರಿಗೆಂದು ಗುರುತಿಸಿಲ್ಲ’ ಎಂಬ ನೆಪವೊಡ್ಡಿ ಇಲಾಖೆಗಳು ಅದನ್ನು ಬಹುಕಾಲ ಕಾಗದದ ಮೇಲೆಯೇ ಉಳಿಸಿದವು. ರವಿಪ್ರಕಾಶ್ ಗುಪ್ತ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಈ ನೆಪವನ್ನು ತಳ್ಳಿಹಾಕಿತು. 2013ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಅಂಧರ ಒಕ್ಕೂಟದ ಮೊಕದ್ದಮೆಯಲ್ಲಿ ಮೀಸಲಾತಿಯ ಲೆಕ್ಕವನ್ನೂ ಸರಿಪಡಿಸಿತು. ಒಕ್ಕೂಟದ ಪರವಾಗಿ ನಿಂತ ವಕೀಲ ಎಸ್. ಕೆ. ರುಂಗ್ಟಾ ಅವರೇ ದೃಷ್ಟಿಹೀನರು. 2016ರ ಹೊಸ ಕಾಯಿದೆ ಮೀಸಲಾತಿಯನ್ನು ಶೇಕಡ 4ಕ್ಕೆ ಏರಿಸಿ, 21 ಬಗೆಯ ವೈಕಲ್ಯಗಳನ್ನು ಒಪ್ಪಿಕೊಂಡಿತು. ಅದಕ್ಕಿಂತ ಮುಖ್ಯವಾಗಿ, ಸಮಂಜಸವಾದ ಅನುಕೂಲತೆ ಒದಗಿಸದಿರುವುದೂ ಭೇದಭಾವವೇ ಎಂದಿತು. 2021ರ ವಿಕಾಸ್ ಕುಮಾರ್ ತೀರ್ಪು ಇದೇ ತತ್ವವನ್ನು ಎತ್ತಿಹಿಡಿಯಿತು. ಅನುಕೂಲತೆಯೆಂಬುದು ದಯೆಯಲ್ಲ, ಹಕ್ಕು ಎಂಬುದು ಇದರ ತಾತ್ಪರ್ಯ.

ಇಷ್ಟಾದರೂ ಹೋರಾಟದ ಬೆಲೆಯನ್ನು ಮುಚ್ಚಿಡಬಾರದು. ರಾಜಸ್ವ ಸೇವೆಯ ಆದಾಯ ತೆರಿಗೆ ಅಧಿಕಾರಿಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ಅಕಾಡೆಮಿ ಇರುವುದು ನಮ್ಮ ನಾಗಪುರದಲ್ಲಿಯೇ. ಇಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಅದು ಕಣ್ಣಳತೆಯ ಕನಸು. ಪೂರ್ಣ ದೃಷ್ಟಿಹೀನರಾದ ಪಂಕಜ್ ಕುಮಾರ್ ಶ್ರೀವಾಸ್ತವ ಅವರು 2008ರ ನಾಗರಿಕ ಸೇವಾ ಪರೀಕ್ಷೆ ಬರೆದರು. ಅವರನ್ನು ಆ ಸೇವೆಗೋ ಬೇರೊಂದು ಸೇವೆಗೋ ನೇಮಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 2024ರ ಜುಲೈಯಲ್ಲಿ. ನಡುವೆ ಕಳೆದದ್ದು ಹದಿನಾರು ವರ್ಷ. ಇದನ್ನು ಗೆಲುವೆನ್ನಬೇಕು, ನಿಜ. ಆದರೆ ಹದಿನಾರು ವರ್ಷದ ಸೇವೆ, ಬಡ್ತಿ, ನೆಮ್ಮದಿ ಯಾವ ತೀರ್ಪಿನಿಂದಲೂ ಪೂರ್ತಿ ಮರಳಿ ಬಾರವು.

ಆದ್ದರಿಂದ ಮೊಕದ್ದಮೆ ನಡೆಯಲಿ, ಬದುಕು ಮಾತ್ರ ಅದರ ವಾಯಿದೆಗಾಗಿ ಕಾಯದಿರಲಿ. ಮಹಾರಾಷ್ಟ್ರದವರೇ ಆದ ಪ್ರಾಂಜಲ್ ಪಾಟೀಲ್ ಅವರು 2015ರ ಪರೀಕ್ಷೆಯಲ್ಲಿ 773ನೆಯ ಸ್ಥಾನ ಪಡೆದು ರೈಲ್ವೆ ಲೆಕ್ಕಪತ್ರ ಸೇವೆಗೆ ಹಂಚಿಕೆಯಾದಾಗ, ದೃಷ್ಟಿಯಿಲ್ಲವೆಂಬ ಕಾರಣದಿಂದ ರೈಲ್ವೆ ಅವರನ್ನು ಒಪ್ಪಲಿಲ್ಲ. ಅವರು ಆ ನಿರಾಕರಣೆಯನ್ನು ಬಹಿರಂಗವಾಗಿ ಪ್ರಶ್ನಿಸಿದರು. ಜೊತೆಗೆ 2016ರ ಪರೀಕ್ಷೆಯನ್ನೂ ಬರೆದಿದ್ದರು. ಅದರಲ್ಲಿ 124ನೆಯ ಸ್ಥಾನ ಬಂದು ಐಎಎಸ್ ಸೇರಿ, 2019ರಲ್ಲಿ ತಿರುವನಂತಪುರದ ಸಬ್ ಕಲೆಕ್ಟರ್ ಆದರು. ಇಲ್ಲಿ ನಾವು ಕಲಿಯಬೇಕಾದದ್ದು ರ‍್ಯಾಂಕನ್ನಲ್ಲ, ಕ್ರಮವನ್ನು: ಪ್ರಶ್ನಿಸುವುದು ಮತ್ತು ಪ್ರಯತ್ನಿಸುವುದು ಎರಡೂ ಒಟ್ಟಿಗೆ ನಡೆದವು. ಒಂದಕ್ಕಾಗಿ ಇನ್ನೊಂದನ್ನು ಅವರು ಬಿಡಲಿಲ್ಲ.

ಎಲ್ಲ ಬಾಗಿಲೂ ತೆರೆಯುತ್ತದೆಂದು ಆಸೆ ತೋರಿಸುವುದೂ ತಪ್ಪು. ಸೇನೆಯ ಯೋಧರ ಹುದ್ದೆಗಳಿಗೆ ಈ ಮೀಸಲಾತಿ ಅನ್ವಯಿಸದೆಂದು ಕೇಂದ್ರ ಸರ್ಕಾರ 2021ರಲ್ಲಿ ಅಧಿಸೂಚನೆ ಹೊರಡಿಸಿತು. ಆಯುಧ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಹುಡುಗನೊಬ್ಬ ಸಮವಸ್ತ್ರದ ಕನಸು ಕಂಡಿದ್ದರೆ ಆ ಕನಸಿಗೆ ಅವನು ಕಣ್ಣೀರಿನ ತರ್ಪಣ ಕೊಡಲೇಬೇಕಾದೀತು. ಕನಸು ತೀರಿಹೋದ ಮಾತ್ರಕ್ಕೆ ಕಂಡವನು ತೀರಿಹೋಗಬೇಕಾಗಿಲ್ಲ. ಮನುಷ್ಯನ ಬೆಲೆ ಅವನ ಹುದ್ದೆಯಷ್ಟೇ ಎಂದು ನಂಬಿಸಿದವರು ನಾವು, ನೌಕರಿಗಾಗಿಯೇ ಊರು ಬಿಟ್ಟವರು. ಆ ನಂಬಿಕೆಯನ್ನು ಸಡಿಲಿಸಬೇಕಾದವರೂ ನಾವೇ.

ಇನ್ನು ಸಂಘದ ಪಾಲಿನ ಮಾತು. ಊರಿನಲ್ಲಿದ್ದರೆ ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲುವಾಗ ಜೊತೆಗೆ ಚಿಕ್ಕಪ್ಪನೋ ಸೋದರಮಾವನೋ ಇರುತ್ತಾನೆ. ಇಲ್ಲಿ ನಮಗೆ ಸಂಘವೇ ಸೋದರಮಾವ. ಮಧ್ಯಪ್ರದೇಶದಲ್ಲಿ ದೃಷ್ಟಿಹೀನರನ್ನು ನ್ಯಾಯಾಧೀಶರ ನೇಮಕಾತಿಯಿಂದ ಹೊರಗಿಟ್ಟ ನಿಯಮವೊಂದಿತ್ತು. ಅಂಥ ಅಭ್ಯರ್ಥಿಯೊಬ್ಬರ ತಾಯಿ ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯ ಅರ್ಜಿಯೆಂದು ಸ್ವೀಕರಿಸಿ, 2025ರ ಮಾರ್ಚ್ 3ರಂದು ಆ ನಿಯಮವನ್ನು ರದ್ದುಗೊಳಿಸಿತು. ಒಂದು ಕಾಗದ ಅಷ್ಟು ದೂರ ಹೋಯಿತು! ಕಾಗದ ಬರೆಯಬಲ್ಲ ನಿವೃತ್ತ ನೌಕರರು ನಮ್ಮಲ್ಲಿ ಎಷ್ಟು ಜನರಿಲ್ಲ? ನಿರಾಕರಣೆಯ ಕಾರಣವನ್ನು ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಪ್ರತಿ ಸರ್ಕಾರಿ ಸಂಸ್ಥೆಯಲ್ಲಿಯೂ ಇಂಥ ದೂರುಗಳಿಗೆಂದೇ ಒಬ್ಬ ಅಧಿಕಾರಿ ಇರಬೇಕೆಂದು 2016ರ ಕಾಯಿದೆ ಹೇಳುತ್ತದೆ. ದೆಹಲಿಯಲ್ಲಿ ಮುಖ್ಯ ಆಯುಕ್ತರೂ ಪುಣೆಯಲ್ಲಿ ರಾಜ್ಯದ ಆಯುಕ್ತರೂ ಇದ್ದಾರೆ. ಕೇಂದ್ರ ಸರ್ಕಾರದ ನೌಕರಿಯಾದರೆ ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಆಡಳಿತ ನ್ಯಾಯಮಂಡಳಿಯನ್ನು ಸೇರಬೇಕು. ದುಃಖದಲ್ಲಿರುವವರಿಗೆ ಈ ವಾಯಿದೆಗಳು ನೆನಪಿರುವುದಿಲ್ಲ, ಹತ್ತಿರದವರು ನೆನಪಿಡಬೇಕು.

ಇನ್ನೂ ಸಣ್ಣ ಕೆಲಸಗಳಿವೆ. ಕಣ್ಣಿಲ್ಲದವರಿಗೆ, ಕೈ ಸ್ವಾಧೀನದಲ್ಲಿಲ್ಲದವರಿಗೆ ಪರೀಕ್ಷೆಯಲ್ಲಿ ಬರೆದುಕೊಡುವ ಲಿಪಿಕಾರರು ಬೇಕು. ಶೇಕಡ 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗೂ ಈ ಸೌಲಭ್ಯವನ್ನು 2022ರ ಆಗಸ್ಟಿನ ಮಾರ್ಗಸೂಚಿ ಕೊಟ್ಟಿದೆ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳ ಹೆಸರುಗಳ ಒಂದು ಪಟ್ಟಿ ಸಂಘದಲ್ಲಿದ್ದರೆ, ಪರೀಕ್ಷೆಯ ಹಿಂದಿನ ವಾರ ಊರೆಲ್ಲ ಅಲೆಯುವುದು ತಪ್ಪುತ್ತದೆ. ನಮ್ಮವರಲ್ಲಿ ಹೋಟೆಲು ನಡೆಸುವವರಿದ್ದಾರೆ, ಸಾರಿಗೆ ವ್ಯವಹಾರದವರಿದ್ದಾರೆ, ಗುತ್ತಿಗೆದಾರರಿದ್ದಾರೆ. ಲೆಕ್ಕ ಬರೆಯಲು, ದೂರವಾಣಿ ನೋಡಿಕೊಳ್ಳಲು ಎರಡು ಕಾಲೂ ಬೇಕೆ? ಸರ್ಕಾರವನ್ನು ಪ್ರಶ್ನಿಸುವ ಮೊದಲು ನಮ್ಮ ಗಲ್ಲಾಪೆಟ್ಟಿಗೆಯ ಹಿಂದೆ ಯಾರಿದ್ದಾರೆಂದು ನೋಡಿಕೊಳ್ಳೋಣ. ಇಲ್ಲಿಗೆ ಸಮೀಪದ ವರೋರಾದ ಆನಂದವನದಲ್ಲಿ ಬಾಬಾ ಆಮ್ಟೆಯವರು ಭಿಕ್ಷೆಯ ಬದಲು ದುಡಿಮೆಯನ್ನು ಕೊಟ್ಟೇ ಮನುಷ್ಯರನ್ನು ಎತ್ತಿ ನಿಲ್ಲಿಸಿದರು.

ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಹೆಸರುಗಳನ್ನು ಬದಲಿಸುತ್ತ ಬಂದಿದ್ದೇವೆ. ಹೆಸರು ಯಾವುದಾದರೂ ಇರಲಿ, ಮುಂದಿನ ರಾಜ್ಯೋತ್ಸವಕ್ಕೆ ಗಾಲಿಕುರ್ಚಿಯಲ್ಲಿ ಬರುವವರು ಸಭಾಂಗಣದ ಒಳಗೆ, ವೇದಿಕೆಯ ಮೇಲಕ್ಕೆ ಹೋಗಲು ಒಂದು ಇಳಿಜಾರು ಹಾದಿ ಇದೆಯೆ ಎಂಬುದನ್ನು ನಮ್ಮ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳು ನವೆಂಬರಿಗೆ ಮುಂಚೆ ನೋಡಲಿ. ಇಲ್ಲದಿದ್ದರೆ ಬಡಗಿಯನ್ನು ಕರೆಸಲಿ. ಹಲಗೆ ಮತ್ತು ಕೂಲಿಯ ಖರ್ಚು ಹೂವಿನ ಹಾರಗಳ ಖರ್ಚಿಗಿಂತ ಬಹಳ ಹೆಚ್ಚಾಗಲಾರದು.