ಭತ್ತದ ಹೊಟ್ಟು ಮತ್ತು ಪೇಟೆಯ ಬೆಳಕು

1905ರ ಆಗಸ್ಟ್ 5ರಂದು ಇಂದಿನ ಕೃಷ್ಣರಾಜ ಮಾರುಕಟ್ಟೆಯ ಪ್ರದೇಶದಲ್ಲಿ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಬೆಳಗಿದವು. ಆ ಬೆಳಕು ಬಂದದ್ದು ಶಿವನಸಮುದ್ರದ ಕಾವೇರಿಯಿಂದ. ಮುಂದೆ ಶರಾವತಿಯ ಸರದಿ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಮಲೆನಾಡಿನ ಊರುಗಳೇ ಮುಳುಗಿದವು. ಪೇಟೆಯ ಬೆಳಕಿನ ಬೆಲೆಯನ್ನು ದೂರದ ಕಣಿವೆ ತೆರುವುದು ಹೊಸತಲ್ಲ.

ಇಂದು ಮಾರುಕಟ್ಟೆಯ ಸುತ್ತ ವಿದ್ಯುತ್ ಆಟೋಗಳು ಓಡುತ್ತಿವೆ. ಸಮೀಪದ ಸದರ್ ಪತ್ರಪ್ಪ ರಸ್ತೆಯಲ್ಲಿ ಲಿಥಿಯಂ ಬ್ಯಾಟರಿಗಳು ಬಿಕರಿಯಾಗುತ್ತವೆ. ಇವುಗಳ ಋಣಧ್ರುವದಲ್ಲಿ ಸಾಮಾನ್ಯವಾಗಿ ಇರುವುದು ಗ್ರಾಫೈಟ್. ಒಂದು ಗ್ರಾಂ ಗ್ರಾಫೈಟ್ ಹೆಚ್ಚೆಂದರೆ 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುದಂಶವನ್ನು ಹಿಡಿದಿಡಬಲ್ಲದು; ಸಿಲಿಕಾನ್ ಸುಮಾರು 3,600. ಆದರೆ ಲಿಥಿಯಂ ಹೀರಿದ ಸಿಲಿಕಾನ್ ಗಾತ್ರದಲ್ಲಿ ಮೂರು-ನಾಲ್ಕು ಪಟ್ಟಾಗಿ ಉಬ್ಬುತ್ತದೆ. ಮತ್ತೆ ಮತ್ತೆ ಉಬ್ಬಿ ಕುಗ್ಗಿ ಬಿರಿಯುತ್ತದೆ. ಆದ್ದರಿಂದ ಅದನ್ನು ಅತಿಸೂಕ್ಷ್ಮ ಕಣಗಳನ್ನಾಗಿಸಿ, ಗ್ರಾಫೈಟಿನೊಡನೆ ಅಲ್ಪ ಪ್ರಮಾಣದಲ್ಲಿ ಬೆರೆಸುವ ರೂಢಿಯಿದೆ.

ಈ ಸಿಲಿಕಾನ್ ಎಲ್ಲಿಂದ ಬರಬೇಕು? ಮಲೆಯ ಜನ ಕೇಳಬೇಕಾದ ಪ್ರಶ್ನೆ ಇದು. ಬೆಣಚುಕಲ್ಲನ್ನು ಅಗೆದು, ಕಲ್ಲಿದ್ದಲು ಇಲ್ಲವೆ ಇದ್ದಿಲಿನೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸುವುದು ಬಳಕೆಯ ಮಾರ್ಗ. ಅದಕ್ಕೆ ಗುಡ್ಡವೂ ಬೇಕು, ಅಪಾರ ವಿದ್ಯುತ್ತೂ ಬೇಕು. ಇನ್ನೊಂದು ಮಾರ್ಗ ಅಕ್ಕಿ ಗಿರಣಿಯ ಹಿತ್ತಲಲ್ಲಿದೆ. ಭತ್ತದ ಗಿಡ ಮಣ್ಣಿನಿಂದ ಸಿಲಿಕಾವನ್ನು ಹೀರಿ ಹೊಟ್ಟಿನಲ್ಲಿ ಕೂಡಿಡುತ್ತದೆ. ಹೊಟ್ಟನ್ನು ಸುಟ್ಟರೆ ತೂಕದ ಸುಮಾರು ಐದರಲ್ಲೊಂದು ಪಾಲು ಬೂದಿ ಉಳಿಯುತ್ತದೆ. ಅದರಲ್ಲಿ ಬಹುಪಾಲು ಸಿಲಿಕಾ. 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹೊಟ್ಟಿನ ಸಿಲಿಕಾವನ್ನು ಮೆಗ್ನೀಸಿಯಂನೊಡನೆ ಕಾಯಿಸಿ, ಬ್ಯಾಟರಿಗೆ ಒದಗುವ ಸೂಕ್ಷ್ಮ ಸಿಲಿಕಾನನ್ನು ಪಡೆದು ತೋರಿಸಿದರು.

ಈ ಮಾರ್ಗವೂ ನಿರ್ದೋಷವಲ್ಲ. ಮೆಗ್ನೀಸಿಯಂ ಬೇಕು, ತೊಳೆಯಲು ಆಮ್ಲ ಬೇಕು. ಆ ನೀರು ಹಳ್ಳಕ್ಕೆ ಸೇರಿದರೆ ‘ಹಸಿರು’ ಎಂಬ ಹೆಸರು ಹುಸಿಯಾಗುತ್ತದೆ. ಹೊಟ್ಟು ಗಿರಣಿಗೂ ಇಟ್ಟಿಗೆಗೂಡಿಗೂ ಉರುವಲಾಗಿದೆ. ಅದನ್ನು ಬಿಟ್ಟಿ ಸಿಗುವ ಕಸವೆಂದು ಎಣಿಸಲಾಗದು. ಆದರೂ ಹೊಸ ಗುಡ್ಡವನ್ನು ಅಗೆಯುವುದಕ್ಕೆ ಮೊದಲು ಗದ್ದೆಯ ಉಳಿಕೆಯನ್ನು ಪರೀಕ್ಷಿಸುವುದು ನ್ಯಾಯ. ಅದರ ಬೆಲೆಯಲ್ಲಿ ಬೆಳೆಗಾರನಿಗೂ ಪಾಲು ಸಲ್ಲಬೇಕು.

ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆ ಹೊಣೆ ಪೇಟೆಯ ಅಂಗಡಿಸಾಲಿಗೆ ನಿಲ್ಲದೆ ಘಟ್ಟದ ಕೊನೆಯ ಹಳ್ಳಿಯನ್ನೂ ತಲುಪಬೇಕು. ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದನ್ನು ವಿಜ್ಞಾನಿಗಳು ಅಳೆಯಲಿ. ಅದರ ಮೂಲದ್ರವ್ಯ ಯಾವ ಊರಿನಿಂದ ಬಂತು, ಅದರ ಕಸ ಯಾವ ಊರಿಗೆ ಹೋಯಿತು ಎಂಬ ಲೆಕ್ಕವನ್ನು ವಿದ್ಯಾರ್ಥಿಗಳೂ ಗ್ರಾಮಸಭೆಗಳೂ ಕೇಳಲಿ.