ಲಜ್ಜೆಯ ಹೆಸರಿನಲ್ಲಿ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸ್ತ್ರೀಯರು ಗರ್ಭಾಶಯದ ಕಂಠಕ್ಕೆ ತಗಲುವ ಕ್ಯಾನ್ಸರಿನ ತಪಾಸಣೆಗೆ ಬಾರದಿರಲು ಅವರ ಅಜ್ಞಾನವೇ ಕಾರಣವೆಂದು ಸುಶಿಕ್ಷಿತರು ಹೇಳುವುದುಂಟು. ಹಾಗಾದರೆ ಪತ್ರಿಕೆ ಓದುವ ಮನೆಗಳಲ್ಲಿ ಎಷ್ಟು ಮಂದಿ ಅತ್ತೆ-ಸೊಸೆಯಂದಿರು ಅದನ್ನು ಮಾಡಿಸಿಕೊಂಡಿರುವರು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ, ಭಾರತದ 30ರಿಂದ 49 ವರ್ಷದ ಸ್ತ್ರೀಯರಲ್ಲಿ ಒಮ್ಮೆಯಾದರೂ ಈ ತಪಾಸಣೆಗೆ ಒಳಗಾದವರು ನೂರಕ್ಕೆ ಇಬ್ಬರೂ ಇಲ್ಲ. ಉಳಿದವರೆಲ್ಲ ನಿರಕ್ಷರಿಗಳೆಂದು ಯಾರೂ ವಾದಿಸಲಾರರು.

ಅಡ್ಡಿಯಾಗಿರುವುದು ಅಕ್ಷರದ ಅಭಾವವಲ್ಲ, ಮನೆಯೊಳಗಿನ ಮೌನ. ಲಜ್ಜೆಯು ಸ್ತ್ರೀಗೆ ಭೂಷಣವೆನ್ನುವವರು, ಆ ಭೂಷಣವನ್ನು ಪ್ರಾಣದ ಬೆಲೆಗೆ ಕೊಳ್ಳಬೇಕೆಂದು ಯಾವ ಶಾಸ್ತ್ರ ವಿಧಿಸಿದೆಯೆಂಬುದನ್ನು ತೋರಿಸಲಿ. ಹೆರಿಗೆಗೆ ಆಸ್ಪತ್ರೆಗೆ ಹೋದಾಗ ಕೆಡದ ಮರ್ಯಾದೆ ತಪಾಸಣೆಯಿಂದ ಕೆಡುವುದೆಂತು? ಈ ರೋಗವು ನಡತೆಯ ಕಳಂಕವೆಂಬ ಶಂಕೆಯೂ ನಿರಾಧಾರವಾದುದು. ಇದಕ್ಕೆ ಮೂಲವಾದ ಪ್ಯಾಪಿಲೋಮಾ ವೈರಾಣು ಬಹುತೇಕ ಸ್ತ್ರೀಪುರುಷರಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ತಗಲಿ, ಹೆಚ್ಚಿನವರಲ್ಲಿ ತಾನೇ ಅಳಿಯುವುದು. ಕೆಲವರಲ್ಲಿ ಮಾತ್ರ ಅಳಿಯದೆ ಉಳಿದು ಹತ್ತಿಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಿಗೆ ಎಡೆಮಾಡುವುದು. ಆ ದೀರ್ಘಾವಧಿಯೇ ರೋಗವನ್ನು ಮೊದಲೇ ತಡೆಯಲು ದೊರೆತ ಅವಕಾಶ.

ನೋವಿಲ್ಲದವಳಿಗೆ ತಪಾಸಣೆ ಏತಕ್ಕೆಂಬುದು ಇನ್ನೊಂದು ಆಕ್ಷೇಪ. ಆಳಂದದ ಗಡಿಯಾಚೆಗಿನ, ಹಿಂದೆ ಅದೇ ನಿಜಾಮ ಸಂಸ್ಥಾನದಲ್ಲಿದ್ದ ಉಸ್ಮಾನಾಬಾದ ಜಿಲ್ಲೆಯೇ (ಇಂದಿನ ಧಾರಾಶಿವ) ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿಯ ಹಳ್ಳಿಗಳಲ್ಲಿ 1999ರಿಂದ 1,30,000ಕ್ಕೂ ಹೆಚ್ಚು ಸ್ತ್ರೀಯರನ್ನೊಳಗೊಂಡ ಅಧ್ಯಯನ ನಡೆದು, 2009ರಲ್ಲಿ ಅದರ ಫಲ ಪ್ರಕಟವಾಯಿತು. ವೈರಾಣುವಿಗಾಗಿ ಒಂದೇ ಒಂದು ಸಲ ಪರೀಕ್ಷೆ ನಡೆಸಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಮರಣಗಳು, ತಪಾಸಣೆಯಿಲ್ಲದ ಗುಂಪಿಗಿಂತ ಹೆಚ್ಚುಕಡಿಮೆ ಅರ್ಧದಷ್ಟಿದ್ದವು. ಅವರೂ ಹಳ್ಳಿಯ ಹೆಂಗಸರೇ. ತಿಳಿಹೇಳಿ ಕರೆದಾಗ ಹೆಚ್ಚಿನವರು ಬಂದರು.

ಕೇಂದ್ರ ಸರಕಾರವು 2016ರಲ್ಲಿ ಗೊತ್ತುಪಡಿಸಿದ ಕ್ರಮದಂತೆ 30ರಿಂದ 65 ವರ್ಷದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗತಕ್ಕದ್ದು. ತೆಳುವಾದ ಅಸಿಟಿಕ್ ಆಮ್ಲವನ್ನು ಸವರಿದರೆ ಸಂದೇಹದ ಭಾಗವು ಒಂದೆರಡು ನಿಮಿಷದಲ್ಲಿ ಬೆಳ್ಳಗಾಗುವುದು, ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಸಂದೇಹ ಕಂಡವರಿಗೆ ಕ್ಯಾನ್ಸರಾಗುವ ಮುನ್ನವೇ ಚಿಕಿತ್ಸೆಯುಂಟು. ಕೇಂದ್ರಗಳಲ್ಲಿ ಪರದೆಯನ್ನೂ ತಪಾಸಣೆಗೆ ಸ್ತ್ರೀಯನ್ನೂ ಒದಗಿಸುವುದು, ತೊಗರಿಯ ರಾಶಿಯ ದಿನಗಳನ್ನು ಬಿಟ್ಟು ಕರೆಯುವುದು ಅಧಿಕಾರಿಗಳ ಹೊಣೆ. ಆದರೆ ಹೆಂಗಸನ್ನು ಹೊಸ್ತಿಲು ದಾಟಿಸುವುದು ಮನೆಯವರ ಹೊಣೆ.

ಗಾಣಗಾಪುರದ ಯಾತ್ರೆಗೆ ಮನೆಮಂದಿಯನ್ನೆಲ್ಲ ಕರೆದೊಯ್ಯುವ ಯಜಮಾನನು ಆರೋಗ್ಯ ಕೇಂದ್ರದವರೆಗೆ ಹೆಂಡತಿಯ ಜೊತೆ ಹೋಗಲು ನಾಚುವನಾದರೆ, ಅಲ್ಲಿ ಕಾಪಾಡಲ್ಪಡುವುದು ಅವಳ ಮಾನವಲ್ಲ, ಅವನ ಸಂಕೋಚ.