ಗುಜರಿಯ ತಕ್ಕಡಿಯ ಮೇಲೆ ಗಣಕಯಂತ್ರ

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ವಿದ್ಯಾರ್ಥಿಗಳಿಬ್ಬರು ಒಂದು ಶಾಲೆಯ ಹಿಂಬದಿಯ ಕೊಠಡಿಗೆ ಹೋದಾಗ ಗುಜರಿಯವನು ಆಗಲೇ ತಕ್ಕಡಿ ಹೂಡಿದ್ದ. ಆರು ಹಳೆಯ ಗಣಕಯಂತ್ರಗಳು ಕಬ್ಬಿಣದ ದರದಲ್ಲಿ ಹೊರಡಲು ಸಿದ್ಧವಾಗಿದ್ದವು. ಅಧ್ಯಾಪಕರನ್ನು ಒಪ್ಪಿಸಿ ಅವನ್ನು ಉಳಿಸಿಕೊಂಡು, ಮುಕ್ತ ತಂತ್ರಾಂಶದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಲಾಯಿತು. ನಾಲ್ಕು ಯಂತ್ರಗಳು ಹೊಸ ಜೀವ ಪಡೆದವು. ಒಂದಕ್ಕೆ ನಿಸ್ತಂತು ಜಾಲ ಸಿಗಲಿಲ್ಲ. ಇನ್ನೊಂದರ ತೆರೆ ಮಸುಕಾಗಿಯೇ ಉಳಿಯಿತು. ಶಾಲೆಯ ಮುದ್ರಣಯಂತ್ರವಂತೂ ಆರರಲ್ಲಿ ಯಾವುದಕ್ಕೂ ಓಗೊಡಲಿಲ್ಲ. 'ನಿಮ್ಮ ಪುಕ್ಕಟೆ ಸರಕಿನ ಹಣೆಬರಹವೇ ಇಷ್ಟು' ಎಂದು ಅಧ್ಯಾಪಕರೊಬ್ಬರು ನಕ್ಕರು. ಆ ನಗುವಿಗೆ ಉತ್ತರ ಕೊಡಬೇಕಾದ ಹೊಣೆ ನಮ್ಮ ಮೇಲಿದೆ.

ಬೆಟ್ಟ, ಕೆರೆ, ಗೋಮಾಳಗಳ ಮಾತಾಡುವ ಪತ್ರಿಕೆಗೆ ಗಣಕಯಂತ್ರದ ಗೊಡವೆಯೇಕೆ ಎಂದು ಓದುಗರು ಕೇಳಬಹುದು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಹಳೆಯ ಮಾದರಿಯ ತೆರೆಯಿರುವ ಒಂದು ಮೇಜಿನ ಗಣಕಯಂತ್ರವನ್ನು ತಯಾರಿಸಲು ಸುಮಾರು 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ ಮತ್ತು 1,500 ಕಿಲೋ ನೀರು ಬೇಕು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ನೂರು ಕೊಡ ನೀರು! ಶಿರಾ, ಪಾವಗಡದ ಹೆಣ್ಣುಮಕ್ಕಳಿಗೆ ನೂರು ಕೊಡವೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಯಂತ್ರವು ಹತ್ತು ವರ್ಷ ದುಡಿದರೂ ಐದೇ ವರ್ಷ ದುಡಿದರೂ ಆ ನೀರಿನ ಖರ್ಚು ಒಂದೇ. ಬಳಿಕ ಅದರ ತಂತಿಗಳನ್ನು ತಾಮ್ರಕ್ಕಾಗಿ ಸುಟ್ಟಾಗ ಏಳುವ ಹೊಗೆಯಲ್ಲಿ ಡಯಾಕ್ಸಿನ್ ವಿಷವಿರುತ್ತದೆ. ಹಳೆಯ ತೆರೆಯ ಗಾಜಿನಲ್ಲಿ ಸೀಸವಿರುತ್ತದೆ.

ಇದು ಈಗಲೇ ಆಡಬೇಕಾದ ಮಾತು. ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11 ಒಂದು ಬಗೆಯ ಭದ್ರತಾ ಚಿಪ್ಪನ್ನೂ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದಕ್ಕೆ ಸಮನಾದ ಸಂಸ್ಕಾರಕವನ್ನೂ ಬೇಡುತ್ತದೆ. ಗಟ್ಟಿಮುಟ್ಟಾಗಿರುವ ಅಸಂಖ್ಯ ಯಂತ್ರಗಳು ಒಂದು ತಾರೀಖಿನ ಕಾರಣದಿಂದ ಮುದಿಯಾದವು. ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿದ ನಮ್ಮ ನಾಲ್ಕೂ ತಾಲ್ಲೂಕುಗಳ ಶಾಲೆ, ಪಂಚಾಯಿತಿ, ಸಹಕಾರ ಸಂಘಗಳಲ್ಲಿ ಅಂಥವು ಎಷ್ಟಿವೆಯೆಂದು ಆಯಾ ಊರಿನವರೇ ಎಣಿಸಿ ನೋಡಬೇಕು.

ಹಾಗಾದರೆ ಎಲ್ಲಕ್ಕೂ ಲಿನಕ್ಸ್ ಹಾಕಿದರಾಯಿತಲ್ಲ ಎಂಬ ಉತ್ಸಾಹ ಸಹಜ. ನಮ್ಮ ಬಳಗಕ್ಕೂ ಆ ಉತ್ಸಾಹವಿತ್ತು. ಮುದ್ರಣಯಂತ್ರವು ಅದನ್ನು ಇಳಿಸಿತು. ಇಲ್ಲಿ ನಡೆಯುವುದಿಷ್ಟೆ. ಪಾವಗಡದ ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಓಡಾಡುತ್ತವೆ. ಒಂದೇ ಭಾಷೆ ಬಲ್ಲವನು ಎರಡೂ ಬಲ್ಲವನನ್ನು ಜೊತೆಗಿಟ್ಟುಕೊಂಡು ವ್ಯಾಪಾರ ಮಾಡುತ್ತಾನೆ. ಗಣಕಯಂತ್ರಕ್ಕೂ ಅದರ ಬಿಡಿಭಾಗಗಳಿಗೂ ನಡುವೆ ಹೀಗೆ ದುಭಾಷಿಯಾಗಿ ನಿಲ್ಲುವುದು ಚಾಲಕ ತಂತ್ರಾಂಶ. ಬಿಡಿಭಾಗವು ಆಡುವ ಭಾಷೆಯ ವ್ಯಾಕರಣವನ್ನು ತಯಾರಕರು ಪ್ರಕಟಿಸಿದರೆ ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರಾದರೂ ದುಭಾಷಿಯನ್ನು ತಯಾರಿಸಬಲ್ಲರು. ಬೀಗ ಹಾಕಿಟ್ಟರೆ, ಕತ್ತಲೆಯಲ್ಲಿ ತಡವರಿಸಿ ಒಂದೊಂದೇ ಪದ ಊಹಿಸಬೇಕು. ಅಗ್ಗದ ಮುದ್ರಣಯಂತ್ರಗಳಲ್ಲಿ ಹಲವು ಪುಟವನ್ನು ರೂಪಿಸುವ ಬುದ್ಧಿಯನ್ನೇ ತಮ್ಮೊಳಗೆ ಇಟ್ಟುಕೊಂಡಿರುವುದಿಲ್ಲ. ಆ ಕೆಲಸವನ್ನು ಗಣಕಯಂತ್ರದ ತಲೆಗೆ ಕಟ್ಟಿ, ತಮ್ಮದೇ ಗುಪ್ತ ಭಾಷೆಯಲ್ಲಿ ಮಾತ್ರ ಆಜ್ಞೆ ಸ್ವೀಕರಿಸುತ್ತವೆ. ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್‌ನಂತಹ ಬಹಿರಂಗ ಭಾಷೆ ತಿಳಿದ ಯಂತ್ರಗಳು, ಪ್ರತ್ಯೇಕ ಚಾಲಕ ಬೇಡದ ಹೊಸ ಮಾದರಿಗಳು ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತವೆ.

ಮುಕ್ತ ತಂತ್ರಾಂಶ ಚಳವಳಿಯ ಹುಟ್ಟಿಗೂ ಒಂದು ಮುದ್ರಣಯಂತ್ರ ಕಾರಣವಾಯಿತೆಂಬುದು ಸ್ವಾರಸ್ಯದ ಸಂಗತಿ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್ಮನ್, ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ಜೆರಾಕ್ಸ್ ಕಂಪೆನಿಯ ಮುದ್ರಣಯಂತ್ರವನ್ನು ತಿದ್ದಬಯಸಿದರು. ತಂತ್ರಾಂಶದ ಮೂಲರೂಪ ಅವರಿಗೆ ದಕ್ಕಲಿಲ್ಲ. 1983ರಲ್ಲಿ ಅವರು ಘೋಷಿಸಿದ ಗ್ನೂ ಯೋಜನೆಯ ಹಿಂದೆ ಆ ಕಹಿಯೂ ಇತ್ತು. ನಲವತ್ತು ವರ್ಷಗಳ ಮೇಲೆ ಅದೇ ಕಹಿ ನಮ್ಮ ಬಯಲುಸೀಮೆಯ ಶಾಲೆಯ ಕೊಠಡಿಯಲ್ಲಿ ಕುಳಿತಿದೆ.

ಪರಿಸ್ಥಿತಿ ಸುಧಾರಿಸಿಲ್ಲವೆಂದಲ್ಲ. ಬ್ರಾಡ್‌ಕಾಮ್ ಕಂಪೆನಿ 2010ರಲ್ಲಿ ತನ್ನ ಕೆಲವು ನಿಸ್ತಂತು ಚಿಪ್ಪುಗಳಿಗೆ ಮುಕ್ತ ಚಾಲಕ ನೀಡಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12, ಬಿಡಿಭಾಗಗಳಿಗೆ ಬೇಕಾದ ಮುಚ್ಚಿದ ತುಣುಕು ತಂತ್ರಾಂಶಗಳನ್ನೂ ಸ್ಥಾಪನಾ ಮುದ್ರಿಕೆಯಲ್ಲೇ ಕೊಟ್ಟಿತು. ತತ್ತ್ವನಿಷ್ಠರಿಗೆ ಇದು ರುಚಿಸಲಿಲ್ಲ. ನನಗೆ ಮಾತ್ರ ಸರಿಯೆನಿಸಿತು. ಬರಗಾಲದಲ್ಲಿ ಬಾವಿಯ ಜಾತಿ ಕೇಳಬಾರದು. ಆದರೆ ಚಿತ್ರಫಲಕಗಳ ಎನ್‌ವಿಡಿಯಾ ಕಂಪೆನಿಯು 2022ರಲ್ಲಿ ತೆರೆದಿಟ್ಟ ಚಾಲಕದ ಭಾಗವು 2018ರಿಂದೀಚಿನ ಪೀಳಿಗೆಯ ಫಲಕಗಳಿಗೆ ಮಾತ್ರ. ಗುಜರಿಯಿಂದ ಉಳಿಸಬೇಕಾದ ಹಳೆಯ ಫಲಕಗಳು ಆ ಔದಾರ್ಯದ ಆಚೆಗೇ ಉಳಿದವು. ನಮ್ಮ ಕಡೆಯವರನ್ನೂ ಆಕ್ಷೇಪಿಸದೆ ವಿಧಿಯಿಲ್ಲ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, ಹಳೆಯ 32 ಬಿಟ್ ಗಣಕಯಂತ್ರಗಳಿಗೆ ಸ್ಥಾಪನಾ ಮುದ್ರಿಕೆ ನೀಡುವುದನ್ನು ಕೈಬಿಟ್ಟಿತು. ನಿರ್ವಹಿಸುವ ಕೈಗಳು ಕಡಿಮೆಯೆಂಬುದು ನಿಜವಾದ ಕಾರಣವೇ. ಆದರೂ ತಕ್ಕಡಿಗೆ ಕಾರಣ ಮುಖ್ಯವಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ನಮ್ಮವರೇ. ಕೇರಳದ ಶಾಲಾ ವ್ಯವಸ್ಥೆ ಮುಕ್ತ ತಂತ್ರಾಂಶವನ್ನು ಒಪ್ಪಿಕೊಂಡದ್ದರಿಂದ ಅವರು ವರ್ಷಗಳಿಂದ ಅದರಲ್ಲಿಯೇ ಕಲಿಯುತ್ತಿದ್ದಾರೆ. ಕರ್ನಾಟಕದಲ್ಲೂ 2010ರ ದಶಕದಲ್ಲಿ ಶಿಕ್ಷಣ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರು ಉಬುಂಟು ಬಳಸಿದ್ದರು. ಕಲಿಸುವವರು ಇಲ್ಲವೆಂಬ ಮಾತು ಹಾಗಾಗಿ ಪೂರ್ತಿ ನಿಜವಲ್ಲ. ಕೊರತೆಯಿರುವುದು ಕೊಳ್ಳುವ ಘಟ್ಟದಲ್ಲಿ. ಇಡೀ ರಾಜ್ಯ ಒಂದೇ ಮುಕ್ತ ವ್ಯವಸ್ಥೆಯನ್ನು ಬಳಸುವಲ್ಲಿ, ಅದಕ್ಕೆ ಹೊಂದದ ಯಂತ್ರವನ್ನು ಮಾರಲು ಬಂದವನಿಗೆ ಗಿರಾಕಿ ಸಿಗುವುದು ಕಷ್ಟ. ನಮ್ಮಲ್ಲಿ ಒಂದೊಂದು ಸಂಸ್ಥೆಯೂ ಒಂಟಿಯಾಗಿ ಅಂಗಡಿಗೆ ಹೋಗುತ್ತದೆ. 'ಎಲ್ಲದಕ್ಕೂ ಆಗುತ್ತೆ ಸ್ವಾಮಿ' ಎಂಬ ಮಾತನ್ನು ನಂಬಿ ಬರುತ್ತದೆ.

ಕೇಂದ್ರ ಸರ್ಕಾರವು 2015ರಲ್ಲೇ ಆಡಳಿತದಲ್ಲಿ ಮುಕ್ತ ತಂತ್ರಾಂಶ ಬಳಸುವ ನೀತಿ ಪ್ರಕಟಿಸಿದೆ. ಆ ನೀತಿ ನಮ್ಮ ಕಡೆಗೆ ಇಳಿದು ಬರಬೇಕಾದರೆ ಶಾಲೆ, ಪಂಚಾಯಿತಿಗಳ ಖರೀದಿ ಪತ್ರದಲ್ಲಿ ಒಂದು ಸಾಲು ಸೇರಬೇಕು: ಸರಬರಾಜಾಗುವ ಯಂತ್ರ, ಮುದ್ರಣಯಂತ್ರ, ಸ್ಕ್ಯಾನರ್‌ಗಳು ಲಿನಕ್ಸ್‌ನಲ್ಲಿ ನಡೆಯುವುದನ್ನು ಹಣ ಪಾವತಿಗೆ ಮುನ್ನ ತೋರಿಸಿಕೊಡತಕ್ಕದ್ದು. ಎಸ್‌ಡಿಎಂಸಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಇದನ್ನು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ತಿರುಮಣಿಯ ಸುತ್ತಲಿನ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರಫಲಕಗಳು ಮುಂದೆ ಏನಾಗುತ್ತವೆಂದು ಚಿಂತಿಸುವ ಪಾವಗಡದವರು ತಿಳಿದಿರಲಿ: 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಫಲಕ, ಗಣಕಯಂತ್ರ ಎರಡನ್ನೂ ಒಳಗೊಂಡು, ಉತ್ಪಾದಕರ ಮೇಲೆ ಹೊಣೆ ಹೊರಿಸಿವೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಪೆನ್ ಡ್ರೈವಿನಲ್ಲಿ ಲಿನಕ್ಸ್ ತುಂಬಿಕೊಂಡರೆ, ಯಂತ್ರದಲ್ಲಿರುವುದನ್ನು ಅಳಿಸದೆಯೇ ಅದನ್ನು ಓಡಿಸಿ ನೋಡಬಹುದು. ಧ್ವನಿ, ಜಾಲ, ತೆರೆ, ಮುದ್ರಣ, ನಿದ್ರಾಸ್ಥಿತಿಯಿಂದ ಎಚ್ಚರಗೊಳ್ಳುವುದು ಇವಿಷ್ಟನ್ನು ಅರ್ಧ ಗಂಟೆಯಲ್ಲಿ ಪರೀಕ್ಷಿಸಿ, ಮಾದರಿಯ ಹೆಸರಿನೊಡನೆ ಬರೆದಿಟ್ಟುಕೊಳ್ಳಿ. ಯಾವುದು ನಡೆಯಲಿಲ್ಲವೆಂಬುದನ್ನೂ ತಪ್ಪದೆ ಬರೆಯಿರಿ. ನಾಲ್ಕು ತಾಲ್ಲೂಕುಗಳ ಪಟ್ಟಿಗಳು ಕೂಡಿದರೆ ಮುಂದಿನ ಸಲ ಅಂಗಡಿಗೆ ಹೋಗುವವರ ಕೈಯಲ್ಲಿ ಅದಿರುತ್ತದೆ. ನಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಆ ಶಾಲೆಯ ಮುದ್ರಣಯಂತ್ರವಿದೆ. ಅದರ ಎದುರಿಗೆ 'ಇಲ್ಲ' ಎಂದು ಬರೆದಿದ್ದೇವೆ.